ವತ್ಸನಾಭವೂ ಲಾಂಗಲಿಯೂ : ಕನಕಗಿರಿಯ ಸೀಮೆಯ ವಿಷವೈದ್ಯಪರಂಪರೆಯಲ್ಲಿ ಒಂದು ನಾಮಭ್ರಾಂತಿ

೧

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಮಳೆಗಾಲವು ಬಲಿತು ಗೌರಿಹಬ್ಬವು ಸಮೀಪಿಸುವ ಹೊತ್ತಿಗೆ ಹೊಲದ ಬೇಲಿಗಳ ಮೇಲೆ ಒಂದು ಬಳ್ಳಿಯು ಹಬ್ಬಿಕೊಂಡು ಹೂವಾಗುತ್ತದೆ. ಎಸಳುಗಳು ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಅಂಚುಗಳು ಅಲೆಅಲೆಯಾಗಿ ಮೇಲಕ್ಕೆ ಸೆಟೆದು ನಿಂತು ಉರಿಯುವ ಬೆಂಕಿಯ ನಾಲಗೆಗಳಂತೆ ತೋರುತ್ತವೆ. ಎಲೆಗಳ ತುದಿಯೇ ಸುರುಳಿಸುತ್ತಿಕೊಂಡು ಬೇಲಿಯ ಮುಳ್ಳನ್ನು ಹಿಡಿದುಕೊಳ್ಳುತ್ತದೆ. ಇದನ್ನು ಜನರು ಗೌರಿಹೂವು, ಶಿವಶಕ್ತಿ, ಕೋಳಿಕುಟುಮ ಎಂದು ಕರೆಯುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲೀ, ಅಗ್ನಿಶಿಖಾ, ಕಲಿಹಾರೀ, ವಿಶಲ್ಯಾ ಮುಂತಾದ ಹೆಸರುಗಳುಂಟು. ನೆಲದೊಳಗಿನ ಗೆಡ್ಡೆಯು ನೇಗಿಲಿನಂತೆ ಬಾಗಿ ಎರಡು ಕವಲಾಗಿರುವುದರಿಂದ ಲಾಂಗಲೀ ಎಂಬ ಹೆಸರು ಅನ್ವರ್ಥವಾಗಿದೆ. ಆ ಗೆಡ್ಡೆಯೇ ವಿಷದ ಮುಖ್ಯ ನೆಲೆ.

ಇದೇ ಗೆಡ್ಡೆಗೆ ದಕ್ಷಿಣದೇಶದ ದಖನಿ ಭಾಷೆಯಲ್ಲಿ ‘ನಾಟ್ ಕಾ ಬಚ್ನಾಗ್’, ಎಂದರೆ ‘ನಾಡ ಬಚನಾಗ’ ಎಂಬ ಹೆಸರು ರೂಢಿಯಲ್ಲಿದ್ದಿತೆಂದು ಔಷಧನಿಘಂಟುಗಳಿಂದ ತಿಳಿಯಬರುತ್ತದೆ. ಮರಾಠಿಯಲ್ಲಿಯೂ ಕಳಲಾವಿ ಎಂಬುದರೊಡನೆ ಬಚನಾಗ ಎಂಬ ಹೆಸರು ಇದಕ್ಕೆ ಸಲ್ಲುತ್ತದೆ. ಬಚನಾಗವೆಂಬುದು ‘ವತ್ಸನಾಭ’ ಶಬ್ದದ ತದ್ಭವವು. ಕನ್ನಡದಲ್ಲಿ ವತ್ಸನಾಭಿ, ವಸನಾಭಿ ಎನ್ನುವುದೂ ಅದನ್ನೇ. ಆದರೆ ವತ್ಸನಾಭವು ಹಿಮಾಲಯದ ಎತ್ತರದಲ್ಲಿ ಬೆಳೆಯುವ ಬೇರೊಂದು ಗಿಡ; ಲಾಂಗಲಿಗೂ ಅದಕ್ಕೂ ಕುಲಸಂಬಂಧವಿಲ್ಲ; ಎರಡರ ವಿಷಗಳೂ ಬೇರೆ, ಅವು ಕೊಲ್ಲುವ ಕ್ರಮವೂ ಬೇರೆ. ಹೀಗಿರಲು ಒಂದರ ಹೆಸರು ಮತ್ತೊಂದಕ್ಕೆ ಅಂಟಿಕೊಂಡುದು ಹೇಗೆ? ಅದರಿಂದ ನಮ್ಮ ಪ್ರಾಚೀನ ವೈದ್ಯಗ್ರಂಥಗಳ ಅರ್ಥನಿರ್ಣಯಕ್ಕೆ ಉಂಟಾಗುವ ಬಾಧಕವೇನು? ಈ ಎರಡು ಪ್ರಶ್ನೆಗಳನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ. ವಿಷಯವು ಕೇವಲ ಶಬ್ದಕ್ಕೆ ಸಂಬಂಧಪಟ್ಟುದೆಂದು ವಾಚಕರು ಉದಾಸೀನರಾಗಬಾರದು. ಇಲ್ಲಿ ಶಬ್ದವು ತಪ್ಪಿದರೆ ಪ್ರಾಣವೇ ಹೋಗುತ್ತದೆ.

೨

ಮೊದಲು ವತ್ಸನಾಭವನ್ನು ನೋಡುವ. ಸುಶ್ರುತಸಂಹಿತೆಯ ಕಲ್ಪಸ್ಥಾನದ ಎರಡನೆಯ ಅಧ್ಯಾಯದಲ್ಲಿ ಸ್ಥಾವರವಿಷಕ್ಕೆ ಹತ್ತು ಅಧಿಷ್ಠಾನಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಕಂದವಿಷಗಳು ಹದಿಮೂರು. ವತ್ಸನಾಭವು ಆ ಗಣದಲ್ಲಿ ಸೇರಿದೆ. ಅದರಲ್ಲಿಯೇ ನಾಲ್ಕು ಭೇದಗಳುಂಟೆಂದೂ ಸುಶ್ರುತನು ಎಣಿಸುತ್ತಾನೆ. ೧೬ನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಒಂಬತ್ತು ಮಹಾವಿಷಗಳನ್ನು ಹೇಳುವಾಗ ವತ್ಸನಾಭವನ್ನು ಆದಿಯಲ್ಲಿಟ್ಟು, ಅದರ ಗೆಡ್ಡೆಯು ಕರುವಿನ ಹೊಕ್ಕುಳನ್ನು ಹೋಲುತ್ತದೆಂದೂ, ಎಲೆಯು ಲಕ್ಕಿಯ ಎಲೆಯಂತೆ ಇರುತ್ತದೆಂದೂ, ಅದರ ಸಮೀಪದಲ್ಲಿ ಬೇರೆ ಗಿಡಮರಗಳು ಬೆಳೆಯಲಾರವೆಂದೂ ವರ್ಣಿಸಿದ್ದಾನೆ. ಲಾಂಗಲಿಯನ್ನಾದರೋ ಅವನು ಈ ಒಂಬತ್ತರಲ್ಲಿ ಸೇರಿಸದೆ, ಎಕ್ಕದ ಹಾಲು, ಕಳ್ಳಿಯ ಹಾಲು, ಕಣಗಿಲೆ, ಗುಲಗಂಜಿ, ಅಫೀಮು, ದತ್ತೂರಗಳೊಡನೆ ಏಳು ಉಪವಿಷಗಳಲ್ಲಿ ಎಣಿಸಿದ್ದಾನೆ. ಆದುದರಿಂದ ಶಾಸ್ತ್ರಕಾರರಿಗೆ ಈ ಎರಡರ ಭೇದವು ಸ್ಫುಟವಾಗಿಯೇ ಇದ್ದಿತು. ಭ್ರಾಂತಿಯು ಶಾಸ್ತ್ರದಲ್ಲಿ ಹುಟ್ಟಿದುದಲ್ಲ, ವ್ಯವಹಾರದಲ್ಲಿ ಹುಟ್ಟಿದುದು.

ವತ್ಸನಾಭದ ಕುಲಕ್ಕೆ ಸೇರಿದ ಮತ್ತೊಂದು ಮೂಲಿಕೆಯು ಚೀನದೇಶದ ವೈದ್ಯದಲ್ಲಿ ಬಹು ಪ್ರಸಿದ್ಧವಾಗಿದೆ. ಅಲ್ಲಿ ತಾಯಿಗೆಡ್ಡೆಯನ್ನು ‘ವುತೋ’ ಎಂದೂ, ಅದರ ಪಕ್ಕದಲ್ಲಿ ಹುಟ್ಟುವ ಮರಿಗೆಡ್ಡೆಯನ್ನು ‘ಫುಜಿ’ ಎಂದೂ ಕರೆಯುತ್ತಾರೆ. ಶೆನ್ನೋಂಗನ ಹೆಸರಿನಲ್ಲಿರುವ ಅವರ ಪ್ರಾಚೀನ ಔಷಧಸಂಹಿತೆಯು ಮೂಲಿಕೆಗಳನ್ನು ಉತ್ತಮ, ಮಧ್ಯಮ, ಅಧಮ ಎಂದು ಮೂರು ವರ್ಗ ಮಾಡಿ, ಫುಜಿಯನ್ನು ಬಹುಕಾಲ ಸೇವಿಸಬಾರದ ಅಧಮವರ್ಗದಲ್ಲಿಟ್ಟಿದೆ. ಆದರೂ ಕ್ರಿ. ಶ. ೨೦೦ರ ಸುಮಾರಿನಲ್ಲಿದ್ದ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯನು ಕೈಕಾಲು ತಣ್ಣಗಾಗಿ ಪ್ರಾಣವು ಕುಂದುವ ದಶೆಯಲ್ಲಿ ಇದನ್ನೇ ಕಷಾಯಗಳಲ್ಲಿ ವಿಧಿಸಿದನು. ಇದರ ಇನ್ನೊಂದು ಮುಖವೂ ಅವರ ಚರಿತ್ರೆಯಲ್ಲಿದೆ. ಕ್ರಿ. ಪೂ. ೭೧ರಲ್ಲಿ ಹಾನ್ ವಂಶದ ಷುವಾನ್ ಚಕ್ರವರ್ತಿಯ ಪಟ್ಟದರಸಿಯು ಹೆರಿಗೆಯಾದ ಸ್ವಲ್ಪಕಾಲದಲ್ಲಿ, ಅರಮನೆಯ ಸ್ತ್ರೀವೈದ್ಯೆಯೊಬ್ಬಳು ಗುಳಿಗೆಯಲ್ಲಿ ಫುಜಿಯನ್ನು ಬೆರೆಸಿ ಕೊಟ್ಟುದರಿಂದ ಮೃತಳಾದಳೆಂದು ಹಾನ್ ವಂಶದ ಇತಿಹಾಸಗ್ರಂಥವು ಹೇಳುತ್ತದೆ. ಒಂದೇ ಗೆಡ್ಡೆ, ಒಬ್ಬನ ಕೈಯಲ್ಲಿ ಅದು ಪ್ರಾಣರಕ್ಷಕ, ಮತ್ತೊಬ್ಬಳ ಕೈಯಲ್ಲಿ ಪ್ರಾಣಾಂತಕ. ತೀಕ್ಷ್ಣವಿಷವೂ ಯುಕ್ತಿಯಿಂದ ಔಷಧವಾಗುತ್ತದೆ, ಔಷಧವೂ ಅಯುಕ್ತಿಯಿಂದ ವಿಷವಾಗುತ್ತದೆ ಎಂಬ ಚರಕನ ಅಭಿಪ್ರಾಯಕ್ಕೆ ಇದಕ್ಕಿಂತ ನಿದರ್ಶನವು ಬೇಡ.

ಈ ‘ಯುಕ್ತಿ’ಯ ಮುಖ್ಯಾಂಶವೇ ಶೋಧನ. ನಮ್ಮವರು ವತ್ಸನಾಭವನ್ನು ಸಣ್ಣ ತುಂಡುಗಳಾಗಿ ಮಾಡಿ ಗೋಮೂತ್ರದಲ್ಲಿ ಮೂರು ದಿನ ನೆನೆಯಿಟ್ಟು ಬಿಸಿಲಲ್ಲಿ ಒಣಗಿಸಿದರು, ಅಥವಾ ಹಸುವಿನ ಹಾಲಿನಲ್ಲಿ ಬೇಯಿಸಿದರು. ಚೀನರು ಉಪ್ಪುನೀರಿನಲ್ಲಿ ನೆನೆಯಿಸಿ, ಬಹಳ ಹೊತ್ತು ಬೇಯಿಸಿದರು. ಎರಡು ದೇಶಗಳ ಪಂಡಿತರು ಅನುಭವದಿಂದ ಕಂಡುಕೊಂಡುದರ ಕಾರಣವನ್ನು ಆಧುನಿಕ ರಸಾಯನಶಾಸ್ತ್ರವು ವಿವರಿಸಿದೆ. ಈ ಗೆಡ್ಡೆಯ ವಿಷಸತ್ತ್ವವಾದ ಅಕೋನಿಟೀನ್ ಎಂಬುದು ನೀರಿನಲ್ಲಿ ಬಹುಕಾಲ ಕುದಿದರೆ ಒಡೆದು, ಬಹುಪಾಲು ನಿರ್ಬಲವಾದ ದ್ರವ್ಯಗಳಾಗಿ ಪರಿಣಮಿಸುತ್ತದೆ. ಶುದ್ಧವಾದ ಅಕೋನಿಟೀನ್ ೨ ಮಿಲಿಗ್ರಾಂ ಮಾತ್ರವೇ ಮನುಷ್ಯನನ್ನು ಕೊಲ್ಲಬಲ್ಲುದು. ಕುದಿಯುವುದು ಕಡಿಮೆಯಾದರೆ ವಿಷವು ಉಳಿದೇ ಇರುತ್ತದೆ. ನಮ್ಮಲ್ಲಿ ಆನಂದಭೈರವ, ಮೃತ್ಯುಂಜಯ, ತ್ರಿಭುವನಕೀರ್ತಿ ಮೊದಲಾದ ರಸಗಳಲ್ಲಿ ಶುದ್ಧವತ್ಸನಾಭವು ಸೇರುತ್ತದೆ. ಅಲ್ಲಿ ‘ಶುದ್ಧ’ ಎಂಬ ವಿಶೇಷಣವು ಅಲಂಕಾರಕ್ಕಾಗಿ ಬಂದುದಲ್ಲ.

೩

ಇನ್ನು ಈ ಸೀಮೆಯ ಪರಂಪರೆಯನ್ನು ವಿಚಾರಿಸುವ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಬಳಿಯಿರುವ ಕನಕಗಿರಿಯು ಪ್ರಾಚೀನವಾದ ಜೈನಕ್ಷೇತ್ರ. ಅಲ್ಲಿಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ೧೮೯೮ರ ನಾಲ್ಕನೆಯ ಸಂಪುಟದಲ್ಲಿ, ಚಾಮರಾಜನಗರ ತಾಲ್ಲೂಕಿನ ಭಾಗದಲ್ಲಿ, ಪ್ರಕಟವಾಗಿವೆ. ಜೈನೇಂದ್ರವ್ಯಾಕರಣವನ್ನೂ ಸರ್ವಾರ್ಥಸಿದ್ಧಿಯನ್ನೂ ರಚಿಸಿದ ದೇವನಂದಿ ಪೂಜ್ಯಪಾದಾಚಾರ್ಯರು ಈ ಗಿರಿಯಲ್ಲಿ ತಪಸ್ಸು ಮಾಡಿದರೆಂಬುದು ಸ್ಥಳದ ಐತಿಹ್ಯ. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಾವಳೀಕಥೆಯನ್ನು ಬರೆದ ದೇವಚಂದ್ರನು ಈ ಕನಕಗಿರಿಯವನೇ. ಅವನು ಹೇಳುವ ಕಥೆಗಳಲ್ಲಿ ಪೂಜ್ಯಪಾದರು ರಸವಿದ್ಯೆಯನ್ನೂ ಮೂಲಿಕಾಸಿದ್ಧಿಯನ್ನೂ ಬಲ್ಲವರಾಗಿ ಕಾಣಿಸಿಕೊಳ್ಳುತ್ತಾರೆ. ನಗರ ತಾಲ್ಲೂಕಿನ ಒಂದು ಶಾಸನವು ಅವರು ವೈದ್ಯಶಾಸ್ತ್ರವನ್ನು ರಚಿಸಿದರೆಂದು ಹೇಳುತ್ತದೆ. ಶ್ರವಣಬೆಳಗೊಳದ ೧೫ನೆಯ ಶತಮಾನದ ಶಾಸನವೊಂದು ಅವರ ಔಷಧಸಿದ್ಧಿಯನ್ನು ಕೊಂಡಾಡುತ್ತದೆ.

ಕನ್ನಡದಲ್ಲಿ ವಿಷವೈದ್ಯಕ್ಕೇ ಮೀಸಲಾದ ದೊಡ್ಡ ಗ್ರಂಥವೆಂದರೆ ಖಗೇಂದ್ರಮಣಿದರ್ಪಣ. ಇದನ್ನು ರಚಿಸಿದವನು ಸು. ೧೩೬೦ರ ಜೈನಕವಿಯಾದ ಒಂದನೆಯ ಮಂಗರಾಜ. ಖಗೇಂದ್ರನೆಂದರೆ ಗರುಡ, ಅವನ ಮಣಿಯೆಂದರೆ ಗರುಡಪಚ್ಚೆ. ಅದು ವಿಷವನ್ನು ಹೀರುತ್ತದೆಂಬ ನಂಬಿಕೆಯಿಂದ ಗ್ರಂಥಕ್ಕೆ ಈ ಹೆಸರು ಬಂದಿದೆ. ಸ್ಥಾವರ, ಜಂಗಮ ವಿಷಗಳ ಲಕ್ಷಣಗಳನ್ನೂ ಚಿಕಿತ್ಸೆಯನ್ನೂ ಇದು ಕನ್ನಡ ಪದ್ಯಗಳಲ್ಲಿ ನಿರೂಪಿಸುತ್ತದೆ. ಮದರಾಸು ವಿಶ್ವವಿದ್ಯಾನಿಲಯವು ೧೯೪೨ರಲ್ಲಿ ಇದನ್ನು ಅಚ್ಚುಮಾಡಿಸಿ ಮಹೋಪಕಾರ ಮಾಡಿತು. ಮಂಗರಾಜನು ಪೂಜ್ಯಪಾದರನ್ನು ಪ್ರಮಾಣವಾಗಿ ಹೇಳಿಕೊಂಡಿರುವುದರಿಂದ, ಕನಕಗಿರಿಯೇ ಕನ್ನಡ ವಿಷವೈದ್ಯದ ಮೂಲಸ್ಥಾನವೆಂದು ಹೇಳಬೇಕೆಂಬ ಆಸೆಯು ಈ ಸೀಮೆಯವರಿಗೆ ಹುಟ್ಟುವುದು ಸಹಜವೇ.

ಆದರೆ ಇಲ್ಲಿ ಅವಸರವು ಸಲ್ಲದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಎಂದರೆ ೯ನೆಯ ಶತಮಾನದ, ಉಗ್ರಾದಿತ್ಯಾಚಾರ್ಯನ ಸಂಸ್ಕೃತ ಕಲ್ಯಾಣಕಾರಕವು ೧೯೪೦ರಲ್ಲಿ ಸೊಲ್ಲಾಪುರದಲ್ಲಿ ಮುದ್ರಿತವಾಗಿದೆ. ಅದರಲ್ಲಿ ಅವನು ತನಗಿಂತ ಹಿಂದಿನ ಜೈನವೈದ್ಯಾಚಾರ್ಯರನ್ನು ಹೆಸರಿಸಿ, ಒಬ್ಬೊಬ್ಬರಿಗೆ ಒಂದೊಂದು ಅಂಗವನ್ನು ಹಂಚಿಕೊಟ್ಟಿದ್ದಾನೆ. ಪೂಜ್ಯಪಾದರಿಗೆ ಅಲ್ಲಿ ಸಲ್ಲುವುದು ಶಾಲಾಕ್ಯ, ಎಂದರೆ ಕಣ್ಣು ಕಿವಿ ಮೂಗು ಮೊದಲಾದ ಊರ್ಧ್ವಾಂಗಗಳ ಚಿಕಿತ್ಸೆ. ಶಲ್ಯತಂತ್ರವು ಪಾತ್ರಸ್ವಾಮಿಯದು. ವಿಷಶಮನ, ಗ್ರಹಶಮನಗಳು ಸಿದ್ಧಸೇನರವು. ಮೇಲೆ ಹೇಳಿದ ಶ್ರವಣಬೆಳಗೊಳದ ಶಾಸನಕ್ಕಿಂತ ಉಗ್ರಾದಿತ್ಯನ ಮಾತು ಐದಾರು ಶತಮಾನಗಳಷ್ಟು ಹಳೆಯದು. ಅದೂ ವೈದ್ಯನೊಬ್ಬನು ತನ್ನ ಶಾಸ್ತ್ರದ ಆಚಾರ್ಯರನ್ನು ಕುರಿತು ಹೇಳಿದ ಮಾತು. ಇದನ್ನು ಮಂಗರಾಜನ ಮಾತಿನೊಡನೆ ಹೊಂದಿಸುವುದಾದರೆ, ೧೪ನೆಯ ಶತಮಾನದ ಹೊತ್ತಿಗೆ ‘ಪೂಜ್ಯಪಾದ’ ಎಂಬ ನಾಮವು ಒಂದು ಅಂಗಕ್ಕೆ ಮಾತ್ರ ಸೀಮಿತವಾಗಿರದೆ, ಜೈನವೈದ್ಯಕ್ಕೆಲ್ಲ ಸಾಮಾನ್ಯವಾದ ಪ್ರಮಾಣನಾಮವಾಗಿ ಬೆಳೆದಿದ್ದಿತೆಂದು ಗ್ರಹಿಸುವುದೇ ಯುಕ್ತ. ಸುಶ್ರುತನ ಹೆಸರು ಶಸ್ತ್ರಚಿಕಿತ್ಸೆಗೆಲ್ಲ ನಿಂತಿರುವಂತೆ ಇದೂ ಒಂದು. ಇದರಿಂದ ಕನಕಗಿರಿಯ ಗೌರವಕ್ಕೆ ಕುಂದೇನೂ ಇಲ್ಲ. ಐತಿಹ್ಯವನ್ನು ಐತಿಹ್ಯವೆಂದೂ, ಗ್ರಂಥಸಾಕ್ಷ್ಯವನ್ನು ಗ್ರಂಥಸಾಕ್ಷ್ಯವೆಂದೂ ಬೇರೆಬೇರೆಯಾಗಿ ಇಡಬೇಕೆಂಬುದಷ್ಟೇ ನಮ್ಮ ಮತ. ಆಚಾರ್ಯರ ಹೆಸರಿಗೆ ಒದಗಿದ ಈ ವಿಸ್ತಾರವೇ ಮೂಲಿಕೆಗಳ ಹೆಸರಿಗೂ ಒದಗಿತು. ಅಲ್ಲಿ ಫಲವು ಇಷ್ಟು ನಿರಪಾಯವಾಗಿರಲಿಲ್ಲ.

೪

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರೆಲ್ಲರಿಗೂ ಮುಂದಿನ ಅಂಶಗಳು ಗೊತ್ತಿರತಕ್ಕವೇ. ಅವನ್ನು ಒಂದೆಡೆ ಸೇರಿಸಿ ನೋಡಿದಾಗ ಮಾತ್ರ ಅಪಾಯವು ಕಣ್ಣಿಗೆ ಕಟ್ಟುತ್ತದೆ.

‘ಲಾಂಗಲೀ’ ಎಂಬ ಶಬ್ದವು ಅಮರನಲ್ಲಿ ಒಂದು ಕಡೆ ತೆಂಗಿನ ಮರಕ್ಕೆ ಹೆಸರು, ಮತ್ತೊಂದು ಕಡೆ ನೀರಿನ ಬಳಿ ಬೆಳೆಯುವ ತೋಯಪಿಪ್ಪಲಿಗೆ ಹೆಸರು. ‘ಅಗ್ನಿಶಿಖಾ’ ಎಂಬುದು ಸ್ತ್ರೀಲಿಂಗದಲ್ಲಿ ವಿಷದ ಬಳ್ಳಿಯಾದರೆ, ‘ಅಗ್ನಿಶಿಖ’ವು ನಪುಂಸಕಲಿಂಗದಲ್ಲಿ ಕುಂಕುಮಕೇಸರಿ. ಕನ್ನಡಕ್ಕೆ ಬಂದಾಗ ಲಿಂಗಭೇದವು ಅಳಿಸಿಹೋಗಿ ಎರಡೂ ‘ಅಗ್ನಿಶಿಖೆ’ಯಾಗಬಹುದು. ಗರ್ಭಿಣಿಯರಿಗೆ ಹಾಲಿನಲ್ಲಿ ಕೇಸರಿಯನ್ನು ಕೊಡುವುದು ನಮ್ಮ ಮನೆಗಳಲ್ಲಿ ರೂಢಿ. ಲಾಂಗಲಿಗಾದರೋ ನಿಘಂಟುಗಳಲ್ಲಿ ‘ಗರ್ಭಪಾತಿನೀ’ ಎಂಬುದೇ ಒಂದು ಹೆಸರು. ಒಂದು ಅಕ್ಷರದ ಭೇದವು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆಂಬುದನ್ನು ವಾಚಕರು ಗಮನಿಸಬೇಕು.

‘ವಿಶಲ್ಯಾ’ ಎಂಬುದು ಇನ್ನೂ ವಿಷಮವಾದುದು. ಶಲ್ಯವನ್ನು ಹೊರಕ್ಕೆ ಕಳೆಯುವುದು ವಿಶಲ್ಯೆ. ಹೆರಿಗೆಯಲ್ಲಿ ಸೆತ್ತೆ ಬೀಳದೆ ನಿಂತಾಗ ಲಾಂಗಲೀಮೂಲದ ಕಲ್ಕವನ್ನು ಬಾಣಂತಿಯ ಅಂಗೈ ಅಂಗಾಲುಗಳಿಗೆ ಲೇಪಿಸಬೇಕೆಂದು ಸುಶ್ರುತನ ಶಾರೀರಸ್ಥಾನದಲ್ಲಿ ಹೇಳಿದೆ. ಅದು ಲೇಪ, ಹೊಟ್ಟೆಗೆ ಕೊಡತಕ್ಕುದಲ್ಲ. ಆದರೆ ಅದೇ ‘ವಿಶಲ್ಯಾ’ ಶಬ್ದವನ್ನು ಅಮರನು ಗುಡೂಚಿಗೆ, ಎಂದರೆ ನಮ್ಮ ಅಮೃತಬಳ್ಳಿಗೆ, ಪರ್ಯಾಯವಾಗಿ ಹೇಳಿದ್ದಾನೆ. ಅಮೃತಬಳ್ಳಿಯ ಕಷಾಯವನ್ನು ಜ್ವರದಲ್ಲಿ ಕುಡಿಯುವುದು ಸರ್ವತ್ರ ಪ್ರಸಿದ್ಧ. ಹಳೆಯ ಕಡತದಲ್ಲಿ ‘ವಿಶಲ್ಯೆಯ ಕಷಾಯ’ ಎಂದು ಬರೆದಿದ್ದರೆ, ಒಬ್ಬನು ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯನ್ನು ತರುವನು, ಮತ್ತೊಬ್ಬನು ಬೇಲಿಯ ಗೆಡ್ಡೆಯನ್ನು ಅಗೆಯುವನು.

ವತ್ಸನಾಭದ ಕಡೆಯಲ್ಲಿಯೂ ಹೀಗೆಯೇ ಇದೆ. ರಸಶಾಸ್ತ್ರದವರು ವತ್ಸನಾಭಕ್ಕೆ ‘ಅಮೃತ’ವೆಂದೇ ಪರಿಭಾಷೆ ಮಾಡಿಕೊಂಡಿದ್ದಾರೆ; ‘ಅಮೃತಾ’ ಎಂದರೆ ಗುಡೂಚಿ. ಅಮರನಲ್ಲಿ ‘ವಿಷಾ’, ‘ಉಪವಿಷಾ’, ‘ಶೃಂಗೀ’ ಎಂಬುವು ಅತಿವಿಷೆಯ ಹೆಸರುಗಳು. ಅತಿವಿಷೆಯು ವತ್ಸನಾಭದ ಕುಲದ್ದೇ ಆದರೂ ವಿಷವಿಲ್ಲದುದು. ಮಕ್ಕಳ ಭೇದಿಗೂ ಜ್ವರಕ್ಕೂ ತೇಯ್ದು ಕೊಡತಕ್ಕುದು. ಆದರೆ ಸುಶ್ರುತನ ಕಂದವಿಷಗಳಲ್ಲಿ ಶೃಂಗೀವಿಷವೆಂಬುದೂ ಒಂದಿದೆ. ಹೀಗೆ ‘ಶೃಂಗಿ’ಯೆಂಬ ಒಂದೇ ಮಾತಿನ ಒಂದು ಪಕ್ಕದಲ್ಲಿ ಕೂಸಿನ ಮದ್ದು, ಇನ್ನೊಂದು ಪಕ್ಕದಲ್ಲಿ ಕೊಲ್ಲುವ ಗೆಡ್ಡೆ ಇವೆ.

ಪೂರ್ವಕಾಲದಲ್ಲಿ ಈ ಶ್ಲೇಷೆಯಿಂದ ಅನರ್ಥವು ವಿರಳವಾಗಿದ್ದುದಕ್ಕೆ ಕಾರಣವುಂಟು. ಶಿಷ್ಯನು ಗ್ರಂಥವನ್ನು ಗುರುಮುಖದಿಂದ ಓದಿ, ಮೂಲಿಕೆಯನ್ನು ಗುರುವಿನೊಡನೆ ಅಡವಿಯಲ್ಲಿ ಕಂಡು ತಿಳಿಯುತ್ತಿದ್ದನು. ಶಬ್ದದ ಸಂದೇಹವನ್ನು ಕಣ್ಣೇ ಪರಿಹರಿಸುತ್ತಿತ್ತು. ಆದರೆ ವತ್ಸನಾಭದ ವಿಷಯದಲ್ಲಿ ದಕ್ಷಿಣದ ವೈದ್ಯನಿಗೆ ಈ ಅನುಕೂಲವಿರಲಿಲ್ಲ. ಆ ಗಿಡವು ಬಂಡೀಪುರದ ಕಾಡಿನಲ್ಲಿಯೂ ಇಲ್ಲ, ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಇಲ್ಲ, ಹಿಮವದ್ಗೋಪಾಲಸ್ವಾಮಿ ಬೆಟ್ಟದಲ್ಲಿಯೂ ಇಲ್ಲ. ಅವನು ಕಂಡುದು ವರ್ತಕರ ಮೂಲಕ ಗ್ರಂದಿಗೆ ಅಂಗಡಿಗೆ ಬಂದ ಒಣಗಿದ ಗೆಡ್ಡೆಯನ್ನು ಮಾತ್ರ. ದೂರದಿಂದ ಬರುವ ದ್ರವ್ಯವು ದುರ್ಲಭವಾದಾಗ ಹತ್ತಿರದಲ್ಲಿರುವ ಇನ್ನೊಂದಕ್ಕೆ ಅದರ ಹೆಸರನ್ನಿಟ್ಟು ‘ನಾಡ’ ಎಂಬ ವಿಶೇಷಣವನ್ನು ಸೇರಿಸುವುದು ಲೋಕರೂಢಿ. ಗೆಡ್ಡೆಯಾಗಿರುವುದು, ವಿಷವಾಗಿರುವುದು, ಎಂಬ ಎರಡು ಸಾಮ್ಯಗಳು ಸಾಕಾದುವು. ‘ನಾಡ ಬಚನಾಗ’ವು ಹುಟ್ಟಿದುದು ಹೀಗೆಂದು ನಮ್ಮ ಊಹೆ. ಕಾಲಕ್ರಮದಲ್ಲಿ ವಿಶೇಷಣವು ಉದುರಿ ಹೆಸರು ಮಾತ್ರ ಉಳಿಯುವುದೂ ಲೋಕರೂಢಿಯೇ.

೫

ಹೆಸರು ಬದಲಾದರೆ ಬಾಧಕವೇನು, ಎರಡೂ ವಿಷವೇ ಅಲ್ಲವೇ ಎಂದು ಕೆಲವರು ಕೇಳಬಹುದು. ಬಾಧಕವು ಮೂರು ವಿಧ.

ಒಂದನೆಯದು ಶೋಧನಕ್ಕೆ ಸಂಬಂಧಪಟ್ಟುದು. ವತ್ಸನಾಭದ ವಿಷವು ಕುದಿಸಿದರೆ ಬಹುಮಟ್ಟಿಗೆ ಕುಗ್ಗುತ್ತದೆ. ಲಾಂಗಲಿಯ ವಿಷಸತ್ತ್ವವಾದ ಕಾಲ್ಚಿಸೀನ್ ಹಾಗಲ್ಲ. ಬೇಯಿಸುವುದರಿಂದಲೂ ಒಣಗಿಸುವುದರಿಂದಲೂ ಅದು ನಾಶವಾಗುವುದಿಲ್ಲ. ಗೆಣಸೆಂದು ಭ್ರಮಿಸಿ ಇದರ ಗೆಡ್ಡೆಯನ್ನು ಬೇಯಿಸಿ ತಿಂದು ಸತ್ತವರ ವೃತ್ತಾಂತಗಳು ಸಿಂಹಳದ್ವೀಪದಿಂದಲೂ ನಮ್ಮ ದೇಶದಿಂದಲೂ ವೈದ್ಯಪತ್ರಿಕೆಗಳಲ್ಲಿ ವರದಿಯಾಗಿವೆ. ‘ಬಚನಾಗವನ್ನು ಹಾಲಿನಲ್ಲಿ ಬೇಯಿಸಿದರೆ ಶುದ್ಧವಾಗುತ್ತದೆ’ ಎಂಬ ಮಾತನ್ನು ಕೇಳಿದವನು ಬೇಲಿಯ ಗೆಡ್ಡೆಯನ್ನು ಹಾಲಿನಲ್ಲಿ ಬೇಯಿಸಿದರೆ, ಅವನು ನಂಬಿದ ಶುದ್ಧಿಯು ಅಲ್ಲಿ ಇರುವುದಿಲ್ಲ.

ಎರಡನೆಯದು ಕಾಲಕ್ಕೆ ಸಂಬಂಧಪಟ್ಟುದು. ಶಾಸ್ತ್ರದಲ್ಲಿ ವಿಷದ ಹತ್ತು ಗುಣಗಳಲ್ಲಿ ‘ಆಶುಕಾರಿ’, ಎಂದರೆ ಬೇಗನೆ ಕೆಲಸಮಾಡುವುದು, ಎಂಬುದೊಂದು. ವತ್ಸನಾಭಕ್ಕೆ ಇದು ಅಕ್ಷರಶಃ ಸಲ್ಲುತ್ತದೆ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳೊಳಗೆ ನಾಲಗೆಯೂ ತುಟಿಯೂ ಜುಮುಗುಟ್ಟಿ ಮರಗಟ್ಟುತ್ತವೆ, ವಾಂತಿಯಾಗುತ್ತದೆ, ಹೃದಯದ ಬಡಿತವು ಕ್ರಮತಪ್ಪುತ್ತದೆ. ಲಾಂಗಲಿಯು ಕಪಟಿಯಾದ ವಿಷ. ತಿಂದ ಮೇಲೆ ಹಲವು ಗಂಟೆಗಳ ಕಾಲ ಏನೂ ಆಗದಂತೆ ಇರಬಹುದು. ಆ ಮೇಲೆ ವಾಂತಿಭೇದಿಗಳು ಹಿಡಿದು, ಒಂದೆರಡು ದಿನಗಳಲ್ಲಿ ರಕ್ತ, ಮೂತ್ರಪಿಂಡ, ಹೃದಯಗಳು ಕೆಡುತ್ತವೆ. ಬದುಕಿಕೊಂಡವರಿಗೂ ಕೆಲವು ವಾರಗಳಲ್ಲಿ ತಲೆಗೂದಲು ಉದುರುವುದುಂಟು. ‘ಬಚನಾಗವನ್ನು ತಿಂದವನು ಮೂರು ಗಂಟೆ ಬದುಕಿದರೆ ಉಳಿದನು’ ಎಂದು ನೆಚ್ಚಿ ಲಾಂಗಲಿಯನ್ನು ತಿಂದವನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅವನನ್ನು ಕೈಯಾರೆ ಕಳೆದುಕೊಂಡಂತೆ. ಎರಡರಲ್ಲಿ ಯಾವುದಕ್ಕೂ ಮನೆಮದ್ದು ಇಲ್ಲ. ತಡಮಾಡದೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. ತಿಂದ ಗೆಡ್ಡೆಯ ತುಂಡನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ನಿರ್ಣಯವು ಸುಲಭ.

ಮೂರನೆಯದು ಪ್ರಯೋಜನಕ್ಕೆ ಸಂಬಂಧಪಟ್ಟುದು. ಲಾಂಗಲಿಯೂ ಕೇವಲ ಹಾನಿಕಾರಿಯಲ್ಲ. ೧೮೨೦ರಲ್ಲಿ ಪೆಲ್ತಿಯೇ ಮತ್ತು ಕಾವೆಂತು ಎಂಬ ಫ್ರೆಂಚ್ ಪಂಡಿತರು ಯೂರೋಪಿನ ಬೇರೊಂದು ಗೆಡ್ಡೆಯಿಂದ ಬೇರ್ಪಡಿಸಿದ ಕಾಲ್ಚಿಸೀನ್ ಇದರಲ್ಲಿಯೂ ಇದೆ. ವಾತರಕ್ತವೆಂದು ನಮ್ಮವರು ಕರೆಯುವ ಸಂಧಿರೋಗದ ಒಂದು ಭೇದಕ್ಕೆ ಅದು ಇಂದಿಗೂ ಔಷಧ. ಇದಕ್ಕಾಗಿಯೇ ನೆರೆಯ ತಮಿಳುನಾಡಿನಲ್ಲಿ ರೈತರು ಈ ಬಳ್ಳಿಯನ್ನು ಬೆಳೆದು ಬೀಜವನ್ನು ಮಾರುತ್ತಾರೆ. ಅದು ಆ ರಾಜ್ಯದ ಪುಷ್ಪವೂ ಹೌದು. ಆದರೆ ಔಷಧವಾಗುವುದು ಅಳೆದು ತೂಗಿದ ಸತ್ತ್ವವೇ ಹೊರತು ಅಗೆದು ತಂದ ಗೆಡ್ಡೆಯಲ್ಲ. ಗೆಡ್ಡೆಯಿಂದ ಗೆಡ್ಡೆಗೆ ಸತ್ತ್ವದ ಪ್ರಮಾಣವು ವ್ಯತ್ಯಾಸವಾಗುತ್ತದೆ. ಔಷಧನಿಯಮಗಳ ವಿಷದ್ರವ್ಯಗಳ ಅನುಬಂಧದಲ್ಲಿ ವತ್ಸನಾಭ, ಲಾಂಗಲಿ, ಶೃಂಗೀವಿಷ ಇವು ಬೇರೆಬೇರೆಯಾಗಿಯೇ ನಮೂದಾಗಿವೆ. ಭಾವಮಿಶ್ರನು ಮಾಡಿದ ವಿಭಾಗವನ್ನು ಇಂದಿನ ಕಾನೂನೂ ಎತ್ತಿಹಿಡಿದಂತಾಯಿತು.

೬

ಈ ಸೀಮೆಗೆ ಹೆಸರುಗಳ ಬದಲಾವಣೆಯು ಹೊಸದಲ್ಲ. ಅರಿಕುಠಾರವು ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಚಾಮರಾಜನಗರವಾಯಿತು, ವಿಜಯಪುರವು ಗುಂಡ್ಲುಪೇಟೆಯಾಯಿತು. ಊರಿಗೆ ಎರಡು ಹೆಸರಿದ್ದರೆ ದಾರಿಹೋಕನು ಯಾರನ್ನಾದರೂ ಕೇಳಿ ಸರಿಯಾದ ದಾರಿಯನ್ನು ಹಿಡಿಯಬಹುದು. ಮೂಲಿಕೆಯ ವಿಷಯದಲ್ಲಿ ಅಂತಹ ಅವಕಾಶವು ದೊರೆಯುವುದಿಲ್ಲ.

ಗುಂಡ್ಲುಪೇಟೆಯ ಬಳಿಯ ಒಂದು ಹಳ್ಳಿಯಲ್ಲಿ ಬೇಲಿಯ ಈ ಹೂವನ್ನು ತೋರಿಸಿ ಇದೇನು ತಾಯಿ ಎಂದು ವೃದ್ಧೆಯೊಬ್ಬರನ್ನು ಕೇಳಿದೆನು. ‘ಗೌರಿ ಹೂವು ಕನಪ್ಪ, ಹೂವ ಗೌರಮ್ಮುಂಗೆ, ಗೆಡ್ಡೆ ಯಾರ್ಗೂ ಬ್ಯಾಡ’ ಎಂದರು. ನಿಘಂಟುಗಳ ಪರ್ಯಾಯಪದಗಳೆಲ್ಲವೂ ಹೇಳದ ವಿವೇಕವು ಆ ಒಂದು ಮಾತಿನಲ್ಲಿದ್ದಿತು.

ಆದುದರಿಂದ ಪ್ರಾಚೀನ ವೈದ್ಯಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರಲ್ಲಿಯೂ, ಅವುಗಳ ಭಾಗಗಳನ್ನು ಪಾಠಹೇಳುವ ಉಪಾಧ್ಯಾಯರಲ್ಲಿಯೂ ನಮ್ಮ ವಿಜ್ಞಾಪನೆಯು ಇಷ್ಟೆ. ಮೂಲಿಕೆಯ ಹೆಸರಿಗೆ ಅರ್ಥವನ್ನು ಕೋಶದಿಂದ ಮಾತ್ರ ಕೊಟ್ಟು ತೃಪ್ತರಾಗಬಾರದು. ಪ್ರಕರಣವು ಲೇಪವೋ ಪಾನವೋ, ಜ್ವರವೋ ಪ್ರಸವವೋ ಎಂಬುದನ್ನು ನೋಡಿ ಅರ್ಥವನ್ನು ನಿಶ್ಚಯಿಸಬೇಕು. ನಿಶ್ಚಯವಾಗದಿದ್ದರೆ ಎರಡು ಅರ್ಥಗಳನ್ನೂ ಕೊಟ್ಟು, ಒಂದು ವಿಷವೆಂದು ಸ್ಪಷ್ಟವಾಗಿ ಬರೆಯಬೇಕು. ಕಾವ್ಯದಲ್ಲಿ ಶ್ಲೇಷೆಯು ಭೂಷಣ. ವೈದ್ಯದಲ್ಲಿ ಅದು ದೋಷ. ಗರುಡಮಣಿಯ ಕನ್ನಡಿಯನ್ನು ನಮ್ಮ ಕೈಗೆ ಕೊಟ್ಟ ಮಂಗರಾಜನಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ, ಆ ಕನ್ನಡಿಯ ಮೇಲೆ ನಮ್ಮ ಅಜಾಗ್ರತೆಯ ಧೂಳು ಕುಳಿತುಕೊಳ್ಳದಂತೆ ನೋಡಿಕೊಳ್ಳುವುದೇ ಆಗಿದೆ.